ಬೀಗರ ಮನೆಯ ತಪಾಸಣೆ

ನನ್ನ ಅಮ್ಮ ಯಾರ ಮನೆಗೆ ಹೋದರೂ ಮೊದಲು ಕಿಟಕಿ ನೋಡುತ್ತಾಳೆ. ಗಾಳಿ ಎತ್ತ ಕಡೆಯಿಂದ ಬರುತ್ತದೆ, ಬಾಗಿಲಿನ ಚಿಲಕ ಒಳಗಿದೆಯೋ ಹೊರಗಿದೆಯೋ, ಕುಡಿಯುವ ನೀರು ಎಲ್ಲಿಟ್ಟಿದ್ದಾರೆ, ಇಷ್ಟನ್ನೂ ನೋಡಿ ಮುಗಿಸಿದ ಮೇಲೆಯೇ ಮನೆಯವರ ಮುಖ. ಹೊಸಬರು ಇದನ್ನು ಜಂಬ ಅಂದುಕೊಳ್ಳುತ್ತಾರೆ. ಜಂಬವಲ್ಲ, ಕಸುಬಿನ ಗೀಳು.

ಅಮ್ಮ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಪ್ರೊಫೆಸರ್. ಕಾನೂನು ಅಂದಕೂಡಲೇ ಜನ ತಮ್ಮ ಜಮೀನಿನ ತಕರಾರು ಹಿಡಿದು ಬರುತ್ತಾರೆ, ಪೆಚ್ಚಾಗಿ ವಾಪಸು ಹೋಗುತ್ತಾರೆ. ಅವಳದು ಯುದ್ಧದ ಕಾನೂನು. ದೇಶದೇಶಗಳು ಹೊಡೆದಾಡುವಾಗ ಯಾರನ್ನು ಮುಟ್ಟಬಾರದು, ಸೆರೆ ಸಿಕ್ಕವರಿಗೆ ಏನೇನು ಕೊಡಬೇಕು, ಕತ್ತಲ ಕೋಣೆಯಲ್ಲಿ ಕೂತವನಿಗೂ ಯಾವ ಹಕ್ಕು ಉಳಿದಿರುತ್ತದೆ, ಇದನ್ನೆಲ್ಲ ಅರೆದು ಕುಡಿದವಳು. "ಯುದ್ಧಕ್ಕೂ ಕಾನೂನಾ?" ಎಂದು ನಗುವವರಿಗೆ ಅವಳ ಬಳಿ ಸಿದ್ಧ ಉತ್ತರವಿದೆ: "ಮದುವೆಗೇ ಇದೆಯಂತೆ, ಯುದ್ಧಕ್ಕೆ ಇರಬಾರದಾ?"

ಹರೆಯದಲ್ಲಿ ಕೈದಿಗಳನ್ನು ಕಂಡು ಬರುವ ಒಂದು ಅಂತರರಾಷ್ಟ್ರೀಯ ತಂಡದ ಜೊತೆ ದೇಶದೇಶ ಸುತ್ತಿದಳು. ನಾನು ಹುಟ್ಟಿದ ಮೇಲೆ ಪಾಠ ಹೇಳಲು ನಿಂತಳು. ನಿಂತಳು ಎನ್ನುವುದು ಮರ್ಯಾದೆಯ ಮಾತು. ರಜೆ ಬಂತೆಂದರೆ ಯಾವುದೋ ಸಮಿತಿ, ಯಾವುದೋ ಜೈಲು. ಒಪ್ಪಂದದ ಕರಡಿನ ಒಂದೇ ಒಂದು ಸಾಲಿಗೆ ವಾರಗಟ್ಟಲೆ ಪರದೇಶದಲ್ಲಿ ಕೂತು ಬರುತ್ತಿದ್ದಳು. ಸೈನ್ಯದ ಅಧಿಕಾರಿಗಳಿಗೆ ಪಾಠ ಮಾಡಿದಳು. ದಿಂಬಿನಷ್ಟು ದಪ್ಪದ ಪುಸ್ತಕ ಬರೆದಳು. ಶಾಲೆಯಲ್ಲಿ ನಾನು "ನನ್ನ ತಾಯಿ ಪ್ರತಿ ಬೇಸಿಗೆ ರಜೆಗೆ ಜೈಲಿಗೆ ಹೋಗುತ್ತಾರೆ" ಎಂದು ಪ್ರಬಂಧ ಬರೆದಾಗ ಟೀಚರು ಅಪ್ಪನನ್ನು ಕರೆಸಿ, ಬಹಳ ಮೆಲ್ಲನೆ, ಮನೆಯಲ್ಲಿ ಎಲ್ಲ ಸರಿ ಇದೆಯಾ ಎಂದು ಕೇಳಿದ್ದರು.

ಅಪ್ಪನದು ಕನ್ನಡಕದ ಅಂಗಡಿ. "ನಿಮ್ಮಮ್ಮಂಗೆ ದೂರದ್ದು ಚೆನ್ನಾಗಿ ಕಾಣುತ್ತೆ, ಹತ್ತಿರದ್ದು ಮಂಜು. ಆ ನಂಬರಿನ ಗ್ಲಾಸು ಇನ್ನೂ ಯಾರೂ ಮಾಡಿಲ್ಲ" ಅನ್ನುತ್ತಾನೆ. ಸಿಟ್ಟು ಬಂದ ದಿನ ಮಾತ್ರ "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂಬ ಗಾದೆಯನ್ನು ಗೋಡೆಗೆ ಕೇಳಿಸುವ ಹಾಗೆ ಹೇಳುತ್ತಾನೆ. ಅಮ್ಮ ಗೋಡೆಯ ಪರವಾಗಿ ನಗುತ್ತಾಳೆ.

ಇನ್ನು ನಾನು. ದೊಡ್ಡಾಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವಳು, ಮೂಗಿನ ತುದಿಯಲ್ಲೇ ಕೋಪ. ಅದೇ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಜನರಿಗೆ ಅರಿವಳಿಕೆ ಕೊಡುವ ಡಾಕ್ಟರೊಬ್ಬನನ್ನು ಮೆಚ್ಚಿದ್ದೆ. ಅಪ್ಪ ಅವನಿಗೆ ಇಟ್ಟ ಹೆಸರು ನಿದ್ದೆ ಡಾಕ್ಟ್ರು. ತಗ್ಗಿದ ದನಿ, ಮಾತುಮಾತಿಗೆ ಥ್ಯಾಂಕ್ಸು, ಸಿಟ್ಟು ಬಂದರೂ ಗೊತ್ತಾಗದ ಮುಖ. ನನ್ನಂಥವಳಿಗೆ ಇಂಥವನೇ ಸರಿ ಎಂದು ನಾನೂ ಒಪ್ಪಿದ್ದೆ, ನನ್ನನ್ನು ಬಲ್ಲವರೆಲ್ಲರೂ ಒಪ್ಪಿದ್ದರು. ಎರಡೂ ಮನೆಯವರು ಕೂತು ಮಾತಾಡುವುದೊಂದು ಬಾಕಿ ಇತ್ತು. ಅವರ ಮನೆಗೆ ಹೊರಡುವ ಮುಂಚೆ ಅಮ್ಮನನ್ನು ಕೂರಿಸಿ ಭಾಷೆ ತೆಗೆದುಕೊಂಡೆ.

"ಕಿಟಕಿ ನೋಡಬಾರದು."

"ಆಯ್ತು."

"ನೀರು ಎಲ್ಲಿಂದ ಬರುತ್ತೆ ಅಂತ ಕೇಳಬಾರದು. ಟೀ ಚೆನ್ನಾಗಿದೆ ಅನ್ನಬೇಕು."

"ಚೆನ್ನಾಗಿಲ್ದೇ ಇದ್ರೆ?"

"ಅಮ್ಮಾ!"

"ಆಯ್ತಮ್ಮಾ, ಆಯ್ತು. ಎಲ್ಲರ ಅಮ್ಮಂದಿರ ಹಾಗೆ ಇರ್ತೀನಿ. ಒಂದು ದಿನದ ಮಟ್ಟಿಗೆ ತಾನೇ?"

ಹುಡುಗನ ಮನೆಯ ಯಜಮಾನಿಕೆ ಅವನ ತಾಯಿಯದು. ರಿಟೈರಾದ ಹೆಡ್‌ಮಿಸ್. ಈಗಲೂ ಮಾತಾಡಿದರೆ ಕೊನೆಯ ಬೆಂಚಿಗೆ ಕೇಳಿಸಬೇಕು. ದೊಡ್ಡ ಮಗ ಬ್ಯಾಂಕಿನ ಲೆಕ್ಕ ತಪಾಸಣೆಗೆಂದು ಸದಾ ಊರೂರು ತಿರುಗುವವನು, ಅಂದೂ ಇರಲಿಲ್ಲ. ಅವನ ಹೆಂಡತಿ, ಅಂದರೆ ನನ್ನ ಡಾಕ್ಟರನ ಅತ್ತಿಗೆ, ಔಷಧಿ ಅಂಗಡಿ ನಡೆಸುವಷ್ಟು ಓದಿದವಳಂತೆ. ಮದುವೆಯಾದ ಮೇಲೂ ಕೆಲಕಾಲ ಕೆಲಸಕ್ಕೆ ಹೋಗಿ ಆಮೇಲೆ ಬಿಟ್ಟಳಂತೆ. "ಅವಳಿಗೇ ಬೇಡ ಅನ್ನಿಸ್ತು" ಎಂದರು ಹೆಡ್‌ಮಿಸ್. ಅತ್ತಿಗೆ ಬಿಸ್ಕತ್ತಿನ ತಟ್ಟೆ ಇಟ್ಟು ನಕ್ಕಳು. ಅಮ್ಮ ಆ ನಗುವನ್ನು ನೋಡಿದ್ದನ್ನು ನಾನು ನೋಡಿದೆ.

ಟೀ ಚೆನ್ನಾಗಿದೆ ಎಂದಳು ಅಮ್ಮ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಬಹಳ ವಿನಯದಿಂದ, "ಮನೆ ನೋಡಬಹುದಾ?" ಎಂದಳು. ಹೆಡ್‌ಮಿಸ್ ಸಂತೋಷದಿಂದ ಎದ್ದರು. ಮನೆ ಕಟ್ಟಿಸಿದವರಿಗೆ ಅದಕ್ಕಿಂತ ಸಿಹಿಯಾದ ಪ್ರಶ್ನೆ ಇಲ್ಲ. ಹಾಲ್, ಕೋಣೆಗಳು, ಅಡುಗೆಮನೆ ಆಯಿತು. "ಈ ಬಾಗಿಲ ಹಿಂದೆ ಏನಿದೆ?" ಎಂದಳು ಅಮ್ಮ. ಉಗ್ರಾಣ. "ಅದನ್ನೂ ನೋಡೋಣ." ಉಗ್ರಾಣದೊಳಗೆ ಹೋಗಿ ತಲೆ ಎತ್ತಿ ಬೆಳಕಿಂಡಿ ನೋಡಿದಳು. ನಾನು ಹಿಂದಿನಿಂದ ಸೆರಗು ಜಗ್ಗಿದೆ. ಜಗ್ಗಿ ಏನು ಫಲ, ಅವಳು ಆಗಲೇ ಯಾವುದೋ ದೇಶದಲ್ಲಿದ್ದಳು.

"ನಿಮ್ಮ ಸೊಸೆ ಹತ್ರ ಸ್ವಲ್ಪ ಮಾತಾಡಬೇಕಿತ್ತು," ಎಂದಳು. "ನಾವಿಬ್ಬರೇ."

ಹೆಡ್‌ಮಿಸ್ಸರ ಹುಬ್ಬು ಮೇಲೇರಿತು. "ಅದಕ್ಕೇನು, ಇಲ್ಲೇ ಮಾತಾಡಿ. ನಮ್ಮನೇಲಿ ಗುಟ್ಟು ಅನ್ನೋದೇ ಇಲ್ಲ."

"ಎಲ್ಲ ಕಡೆನೂ ಹಾಗೇ ಹೇಳ್ತಾರೆ," ಎಂದು ಅಮ್ಮ ಮುಗುಳ್ನಕ್ಕಳು. ಜೈಲಿನ ಸೂಪರಿಂಟೆಂಡೆಂಟರಿಗೆಂದು ಇಟ್ಟುಕೊಂಡ ನಗು ಅದು, ನನಗೆ ಫೋಟೋಗಳಲ್ಲಿ ಪರಿಚಯವಿದೆ. ಆ ನಗುವಿನ ಎದುರು ಸರ್ಕಾರಗಳೇ ಬೀಗದ ಕೈ ಕೊಟ್ಟಿವೆ. ಅತ್ತಿಗೆಯ ಕೈ ಹಿಡಿದುಕೊಂಡು ಬಟ್ಟೆ ಒಣಗಿಸುವ ತಾರಸಿಗೆ ಹೊರಟೇ ಹೋದಳು.

ಕೆಳಗೆ ನಾವು ಕೂತೆವು. ಬಿಸ್ಕತ್ತು ಮುಗಿಯಿತು. ಹವಾಮಾನದ ಮಾತು ಮುಗಿಯಿತು. ಹೆಡ್‌ಮಿಸ್ ಮೇಲೆ ನೋಡುವರು, ಗಡಿಯಾರ ನೋಡುವರು, ನನ್ನನ್ನು ನೋಡುವರು. ನಿದ್ದೆ ಡಾಕ್ಟರು ತನಗೇ ಸೂಜಿ ಚುಚ್ಚಿಕೊಂಡವನಂತೆ ಕೂತಿದ್ದ. ಕೊನೆಗೆ ಅಪ್ಪನೇ ಧೈರ್ಯ ಮಾಡಿ, "ನಿಮ್ಮ ಕನ್ನಡಕದ ಕಡ್ಡಿ ಒಂದು ಕಡೆ ವಾಲಿದೆ, ಕೊಡಿ ಇಲ್ಲಿ" ಎಂದು ಬೀಗತಿಯ ಕನ್ನಡಕ ಇಸಕೊಂಡು ಸರಿ ಮಾಡತೊಡಗಿದ. ಅದು ಸರಿಯಾಗಿ ಎಷ್ಟೋ ಹೊತ್ತಾದರೂ ವಾಪಸು ಕೊಡಲಿಲ್ಲ. ಕನ್ನಡಕವಿಲ್ಲದಿದ್ದರೆ ಅವರಿಗೆ ಗಡಿಯಾರ ಕಾಣುವುದಿಲ್ಲ ಎಂದು ಆಮೇಲೆ ನನಗೆ ವಿವರಿಸಿದ.

ಇಬ್ಬರೂ ಇಳಿದು ಬಂದಾಗ ಅತ್ತಿಗೆಯ ಮೂಗು ಕೆಂಪಾಗಿತ್ತು. ಅಮ್ಮನ ಮುಖದಲ್ಲಿ ಏನೂ ಇರಲಿಲ್ಲ.

ಕಾರಿನ ಬಾಗಿಲು ಹಾಕಿದ್ದೇ ತಡ, ನಾನು ಶುರು ಮಾಡಿದೆ. "ಏನು ಹೇಳಿದ್ರು?"

"ಹೇಳೋ ಹಾಗಿಲ್ಲ."

"ಅಂದ್ರೆ?"

"ಅಂದ್ರೆ ಹೇಳೋ ಹಾಗಿಲ್ಲ. ಒಬ್ಬರೇ ಇದ್ದಾಗ ಹೇಳಿದ ಮಾತು ಅವರದ್ದು. ಯಾರಿಗೆ ಹೇಳಬಹುದು ಅಂತ ಅವರೇ ಒಪ್ಪಬೇಕು. ನಿನಗೆ ಹೇಳೋಕೆ ಆಕೆ ಒಪ್ಪಿಲ್ಲ."

"ನಾನು ಬಾಳಬೇಕಾದ ಮನೆ ಕಣಮ್ಮಾ ಅದು! ಮಗಳು ಬಾವಿಗೆ ಬೀಳೋದನ್ನ ನೋಡ್ತಾ ನಿಂತಿರ್ತೀಯಾ?"

"ಬಾವಿ ಅಂತ ಯಾರು ಹೇಳಿದ್ರು?"

"ಹಾಗಾದ್ರೆ ಬಾವಿ ಅಲ್ಲ ಅಂತ ಹೇಳು."

ಅಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಆ ಮೌನದಲ್ಲಿ ನನ್ನ ಮದುವೆ ಅರ್ಧ ಮುರಿದು ಬಿತ್ತು. ಏನೂ ಇಲ್ಲದಿದ್ದರೆ ಏನೂ ಇಲ್ಲ ಅನ್ನುತ್ತಿದ್ದಳು. ಏನೋ ಇದೆ. ಇದೆ ಎನ್ನುವುದೂ ಗುಟ್ಟು, ಇಲ್ಲ ಎನ್ನುವುದೂ ಗುಟ್ಟು. ಇಂಥ ತಾಯಿಯನ್ನು ಇಟ್ಟುಕೊಂಡು ಸಂಸಾರ ಮಾಡಿದ ಅಪ್ಪನ ಮೇಲೆ ಆ ದಿನ ನನಗೆ ಭಕ್ತಿ ಬಂತು.

ಮರುದಿನ ಹೆಡ್‌ಮಿಸ್ಸರ ಫೋನು. ನಮ್ಮ ಮನೆಯೇನು ಸೆರೆಮನೆಯೇ, ನಾವೇನು ಸೊಸೆಯನ್ನು ಕಟ್ಟಿಹಾಕಿದ್ದೇವೆಯೇ ಎಂದು ಕೊನೆಯ ಬೆಂಚಿನವರೆಗೂ ಕೇಳಿಸಿತು. ಅಮ್ಮ ಎಲ್ಲವನ್ನೂ ಕೇಳಿ, "ನಿಮಗೆ ಬೇಜಾರಾಗಿದ್ದು ನ್ಯಾಯವಾಗಿದೆ. ಮುಂದಿನ ತಿಂಗಳು ಮತ್ತೆ ಬರ್ತೀನಿ" ಎಂದು ಫೋನಿಟ್ಟಳು.

"ಮತ್ತೆ ಹೋಗ್ತೀಯಾ?" ನಾನು ಕಿರುಚಿದೆ. "ಮದುವೆ ಇರುತ್ತೋ ಇಲ್ವೋ ಗೊತ್ತಿಲ್ಲ!"

"ಇಲ್ಲದಿದ್ರೂ ಹೋಗ್ತೀನಿ," ಎಂದಳು ಅಮ್ಮ. ನಾನು ಹಟ ಹಿಡಿದು ಯಾಕೆಂದು ಕೇಳಿದ್ದಕ್ಕೆ, ಮನೆಯಲ್ಲಿ ಎಂದೂ ಹೇಳದ ಒಂದು ಮಾತು ಹೇಳಿದಳು. ಹರೆಯದಲ್ಲಿ ಒಂದು ಜೈಲಿನಲ್ಲಿ ಒಬ್ಬ ಮುದುಕ ಅವಳ ತಂಡದೊಡನೆ ಮಾತಾಡಿದ್ದ. ತಂಡದ ಒಬ್ಬ ಆ ಮಾತನ್ನು ಊಟದ ಹೊತ್ತಿನಲ್ಲಿ ಯಾರಿಗೋ ಆಡಿದ. ಆಮೇಲೆ ಆ ಜೈಲಿಗೆ ಮತ್ತೆ ಹೋಗುವುದಕ್ಕೆ ತಂಡಕ್ಕೆ ಬಹಳ ಕಾಲ ಹಿಡಿಯಿತು. ಹೋದಾಗ ಮುದುಕ ಇರಲಿಲ್ಲ. ಎಲ್ಲಿ ಎಂದು ಕೇಳಿದರೆ, ಅಂಥವನೊಬ್ಬ ಇದ್ದನೇ ಎಂದು ಜೈಲಿನವರೇ ತಿರುಗಿ ಕೇಳಿದರು.

"ಒಬ್ಬರ ಬಾಯಿ ಬಿಡಿಸಿದ ಮೇಲೆ ಮತ್ತೆ ಹೋಗಿ ಮುಖ ನೋಡಲೇಬೇಕು ಕಣೇ," ಎಂದಳು. "ಹೋಗಲ್ಲ ಅಂದ್ರೆ ಮೊದಲನೇ ಸಲವೂ ಹೋಗಬಾರದು."

ನನಗೆ ಅಳು ಬಂತು, ಸಿಟ್ಟೂ ಬಂತು. ಮುದುಕನಿಗಾಗಿ ಅಳು, ನನಗಾಗಿ ಸಿಟ್ಟು.

ಬಾಯಿ ಬಿಡಿಸುವ ಕೆಲಸವನ್ನು ನಾನೂ ಮಾಡಿ ನೋಡಿದೆ. "ಅತ್ತೆಯ ಕಾಟ ಅಂತಾದ್ರೆ ಸಕ್ಕರೆ ಡಬ್ಬಿ ಈ ಕಡೆ ಇಡು, ಅಲ್ಲ ಅಂತಾದ್ರೆ ಆ ಕಡೆ ಇಡು" ಎಂದೆ. ಅಮ್ಮ ಅಂದಿನಿಂದ ಸಕ್ಕರೆ ಇಲ್ಲದ ಟೀ ಕುಡಿದಳು. ಅಪ್ಪನನ್ನು ಛೂ ಬಿಟ್ಟೆ. ಅವನು ಸಂಜೆ ವಾಕಿಂಗಿಗೆ ಕರೆದುಕೊಂಡು ಹೋಗಿ ಬರಿಗೈಯಲ್ಲಿ ಬಂದ. "ಸೈನ್ಯಗಳ ಕೈಲಿ ಆಗದ್ದು ಕನ್ನಡಕದಂಗಡಿಯವನ ಕೈಲಿ ಆಗುತ್ತೇನಮ್ಮಾ?" ಎಂದ. ಅಮ್ಮನಿಗೂ ಸುಖವಿರಲಿಲ್ಲ. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು, ನಾನು ಎದ್ದು ಹೋದ ಮೇಲೆ ನನ್ನ ಕುರ್ಚಿಯನ್ನೇ ನೋಡುತ್ತಿದ್ದಳಂತೆ. ಅದನ್ನು ಕೇಳಿ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಹೆಡ್‌ಮಿಸ್ ಸೊಸೆಯನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾರೆ, ನಾಳೆ ನನ್ನನ್ನೂ ಹೊಯ್ದುಕೊಳ್ಳುತ್ತಾರೆ. ಲೆಕ್ಕ ಸರಿಹೋಯಿತು.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಡಾಕ್ಟರನನ್ನು ಹಿಡಿದೆ. "ಮದುವೆ ಆಗೋದಾದ್ರೆ ಬೇರೆ ಮನೆ ಮಾಡೋಣ. ನಿಮ್ಮಮ್ಮನ ಜೊತೆ ನನಗಾಗಲ್ಲ."

ಅವನು ಟೀ ಲೋಟ ಕೆಳಗಿಟ್ಟ. "ನಿಮ್ಮಮ್ಮ ನನ್ನ ಕರೆಸಿದ್ರು. ಯೂನಿವರ್ಸಿಟಿಗೆ, ಅವರ ರೂಮಿಗೆ."

"ಏನಂದ್ರು?"

"ಹೇಳೋ ಹಾಗಿಲ್ಲ."

ಕ್ಯಾಂಟೀನಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ನಾನು ಮೇಜು ಗುದ್ದಿದೆ. "ನಿನಗೂ ಅಂಟಿಸಿಬಿಟ್ರಾ ಈ ರೋಗಾನ?"

"ಒಂದು ತಿಂಗಳು ಟೈಮ್ ಕೊಡು. ಬೇರೆ ಮನೆ ಮಾಡಿದ್ರೆ ಪ್ರಯೋಜನ ಇಲ್ಲ. ಅದು ನಮ್ಮ ಜೊತೇನೇ ಬರುತ್ತೆ."

ಜೊತೆಗೇ ಬರುವಂಥದ್ದು ಏನು? ಕಾಯಿಲೆಯೇ? ದೆವ್ವವೇ? ಮೊದಲ ಹೆಂಡತಿಯೇ? ಆ ತಿಂಗಳಿಡೀ ನನ್ನ ಕೈಗೆ ಸಿಕ್ಕ ರೋಗಿಗಳ ಮೊಣಕಾಲುಗಳು ಇಂದಿಗೂ ನನ್ನನ್ನು ಶಪಿಸುತ್ತಿರಬೇಕು.

ತಿಂಗಳಾಯಿತು. ಅಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ನಾನೂ ಕಾರು ಹತ್ತಿ ಕೂತೆ. ಇಳಿ ಎನ್ನಲಿಲ್ಲ.

ಬಾಗಿಲು ತೆಗೆದವನು ಡಾಕ್ಟರು. ಸೊಂಟಕ್ಕೆ ಟವೆಲು ಸಿಕ್ಕಿಸಿಕೊಂಡಿದ್ದ, ಕೈಯಲ್ಲಿ ಸೌಟು. ಮನೆ ತುಂಬ ಏನೋ ಸೀದ ವಾಸನೆ. ಹಾಲಿನಲ್ಲಿ ಹೆಡ್‌ಮಿಸ್ ಕೈಕಟ್ಟಿ ಕೂತಿದ್ದರು.

"ಬನ್ನಿ, ಇನ್‌ಸ್ಪೆಕ್ಟರಮ್ಮಾ," ಎಂದರು. "ನಿಮ್ಮ ಕೈದಿ ತಪ್ಪಿಸಿಕೊಂಡಿದ್ದಾಳೆ. ಆಸ್ಪತ್ರೆ ರಸ್ತೆಯ ಮೆಡಿಕಲ್ ಶಾಪಲ್ಲಿದ್ದಾಳೆ, ಹೋಗಿ ಹಿಡ್ಕೊಳ್ಳಿ."

ಹೋದೆವು. ಅತ್ತಿಗೆ ಬಿಳಿ ಕೋಟು ಹಾಕಿಕೊಂಡು ಗಾಜಿನ ಕಪಾಟಿನ ಹಿಂದೆ ನಿಂತಿದ್ದಳು. ಯಾರದೋ ಚೀಟಿ ಓದಿ, ಊಟದ ಮೊದಲು ಯಾವುದು, ಆಮೇಲೆ ಯಾವುದು ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಆ ಮನೆಯಲ್ಲಿ ಬಿಸ್ಕತ್ತು ಇಟ್ಟು ನಕ್ಕವಳು ಇವಳೇ ಎಂದರೆ ನಂಬುವುದು ಕಷ್ಟ. ಗಿರಾಕಿ ಹೋದ ಮೇಲೆ ಅಮ್ಮನ ಕಡೆ ನೋಡಿದಳು. "ಇವಳಿಗೆ ಈಗ ಹೇಳಿಬಿಡಿ ಮೇಡಂ."

"ನಿನ್ನ ಮಾತು. ನೀನೇ ಹೇಳು," ಎಂದು ಅಮ್ಮ ಬಾಗಿಲ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತಳು.

"ನೀನು ಅತ್ತೆ ಬಗ್ಗೆ ಅಂದ್ಕೊಂಡಿದ್ದೀಯಂತೆ," ಎಂದಳು ಅತ್ತಿಗೆ. "ಅತ್ತೆ ಜೊತೆ ನಾನು ದಿನಾ ಜಗಳ ಆಡ್ತೀನಿ, ಅವರೂ ಆಡ್ತಾರೆ, ಅಲ್ಲಿಗಲ್ಲಿಗೆ ಸರಿಹೋಗುತ್ತೆ. ನಾನು ಹೇಳಿದ್ದು ನಿನ್ನ ಡಾಕ್ಟ್ರ ಬಗ್ಗೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆ.

"ಅವನು ಈ ಊರಿನ ಆಸ್ಪತ್ರೆಗೆ ಬಂದಾಗಿಂದ ಮನೆ ಅವನ ಡ್ಯೂಟಿ ಪ್ರಕಾರ ನಡೀತಿದೆ. ಒಂದು ದಿನ ಬೆಳಗಿನ ಜಾವ ತಿಂಡಿ, ಒಂದು ದಿನ ಮಧ್ಯಾಹ್ನ ತಿಂಡಿ. ಅವನು ಮಲಗಿದ್ರೆ ಮಿಕ್ಸಿ ಹಾಕೋ ಹಾಗಿಲ್ಲ, ಎದ್ರೆ ಬಿಸಿನೀರು ರೆಡಿ ಇರ್ಬೇಕು. ಯಾರೂ ನನಗೆ ಮಾಡು ಅಂತ ಹೇಳ್ಲಿಲ್ಲ. ಬೇಡ ಅಂತಾನೂ ಹೇಳ್ಲಿಲ್ಲ. ಎರಡು ಸಲ ಕೆಲಸಕ್ಕೆ ಲೇಟಾಯ್ತು, ಮೂರನೇ ಸಲ ನಾನೇ ಬಿಟ್ಟೆ." ಕಪಾಟಿನ ಗಾಜನ್ನು ಬೆರಳಿಂದ ಉಜ್ಜಿದಳು. "ಕೆಟ್ಟವನಾಗಿದ್ರೆ ಒಂದು ಮಾತು ಅನ್ಬಹುದಿತ್ತು. ಅವನು ಪ್ರತಿ ಸಲ ಥ್ಯಾಂಕ್ಸ್ ಅತ್ತಿಗೆ ಅಂತಾನೆ. ಥ್ಯಾಂಕ್ಸ್ ಹೇಳೋರ ಹತ್ರ ಹೆಂಗಮ್ಮಾ ಜಗಳ ಆಡೋದು?"

"ನನಗ್ಯಾಕೆ ಹೇಳ್ಬೇಡಿ ಅಂದ್ರಿ?"

"ಮದುವೆ ಮುರಿದ್ರೆ ಯಾರ ತಲೆಗೆ ಬರ್ತಿತ್ತು? ಅವನಿಗೆ ಮಾತ್ರ ಹೇಳಿ ಅಂದೆ. ಹೇಳಿದ್ರು. ಆವತ್ತೇ ಬಂದು ನನ್ನ ಮುಂದೆ ನಿಂತ್ಕೊಂಡು, 'ನನಗೆ ಗೊತ್ತೇ ಆಗ್ಲಿಲ್ಲ ಅತ್ತಿಗೆ' ಅಂದ."

"ಈಗ ಸರಿ ಹೋಗಿದ್ದಾನಾ?"

"ಒಂದು ತಿಂಗಳಾಯ್ತು, ಮೊಟ್ಟೆ ಸೀಯಿಸ್ತಾನೆ, ಆದ್ರೂ ಮಾಡ್ತಾನೆ. ಒಂದು ತಿಂಗಳು ಯಾರು ಬೇಕಾದ್ರೂ ಒಳ್ಳೆಯವರಾಗಿರ್ತಾರೆ. ಮೇಡಂ ಇನ್ನೂ ಬರ್ತಾ ಇರ್ಲಿ."

ರಸ್ತೆಗೆ ಬಂದು ಅಮ್ಮನನ್ನು ಕೇಳಿದೆ. "ಈಗ ಹೇಳು. ಆಗಲಾ, ಬೇಡವಾ?"

"ಅದು ನನ್ನ ಅಧಿಕಾರ ವ್ಯಾಪ್ತಿಗೆ ಬರಲ್ಲ," ಎಂದಳು ಅಮ್ಮ. ಆಮೇಲೆ ರಸ್ತೆ ದಾಟುವಾಗ, ನನ್ನ ಕೈಯನ್ನು ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ ಹಿಡಿದುಕೊಂಡು, "ನಾನು ಕಂಡಿದ್ದರಲ್ಲಿ, ಹೇಳಿದ್ದನ್ನ ಕೇಳಿ ಮಾರನೇ ದಿನವೇ ಬದಲಾದ ಅಧಿಕಾರಿಗಳು ಬಹಳ ಕಮ್ಮಿ" ಎಂದಳು. ಅಷ್ಟೇ. ಆ ತಿಂಗಳಲ್ಲಿ ಅವಳು ಎಷ್ಟು ಸಲ ನಾಲಿಗೆ ಕಚ್ಚಿಕೊಂಡಿದ್ದಳೋ ಎಂದು ಆಗ ಹೊಳೆಯಿತು. ತಾಯಿಯಾಗಿ ಅವಳಿಗೆ ಅದು ಜೈಲಿಗಿಂತ ಕಷ್ಟವಾಗಿತ್ತು.

ನಾನು ಕೂಡಲೇ ಹೂಂ ಅನ್ನಲಿಲ್ಲ. ಮೊಟ್ಟೆ ಸೀಯದೆ ಬೇಯುವವರೆಗೆ ಕಾದೆ. ಆಮೇಲೆ ಮದುವೆಯಾದೆವು, ಅದೇ ಮನೆಯಲ್ಲೇ ಸಂಸಾರ ಹೂಡಿದೆವು. ಅಡುಗೆಮನೆ ಸರದಿಯ ಮೇಲೆ ನಡೆಯಿತು. ಓರಗಿತ್ತಿ ಬೆಳಿಗ್ಗೆ ಅಂಗಡಿಗೆ, ನಾವಿಬ್ಬರು ಆಸ್ಪತ್ರೆಗೆ. ನಾನು ಅತ್ತೆಯ ಎದುರು ಒಂದು ಮಾತೂ ಎತ್ತರಿಸಲಿಲ್ಲ. ಮೂಗಿನ ತುದಿಯ ಕೋಪವನ್ನು ತವರಿನಲ್ಲೇ ಬಿಟ್ಟು ಬಂದಿದ್ದೆ. ಅವರು ಕೊಟ್ಟಿದ್ದನ್ನೆಲ್ಲ ನಗುತ್ತ ತೆಗೆದುಕೊಂಡೆ, ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಇಂಥ ಸೊಸೆ ಹುಡುಕಿದರೂ ಸಿಗುವುದಿಲ್ಲ ಎಂದು ನನಗೇ ಹೆಮ್ಮೆ.

ಅಮ್ಮ ಬರುತ್ತಲೇ ಇದ್ದಳು. ಓರಗಿತ್ತಿಯ ಜೊತೆ ಒಂದಿಷ್ಟು ಹೊತ್ತು, ನನ್ನ ಜೊತೆ ಒಂದಿಷ್ಟು ಹೊತ್ತು. ನಾನು ಪ್ರತಿ ಸಲವೂ "ಏನೂ ತೊಂದರೆ ಇಲ್ಲ" ಎನ್ನುತ್ತಿದ್ದೆ, ನಿಜಕ್ಕೂ ಇರಲಿಲ್ಲ.

ಹಾಗೇ ಒಂದು ಭಾನುವಾರ ಅಮ್ಮ ಬಂದಾಗ, ಅವಳು ಚೀಲ ಇಡುವ ಮುಂಚೆಯೇ ಅತ್ತೆ ಎದ್ದರು. ಅಷ್ಟು ತಗ್ಗಿದ ದನಿ ಅವರಿಗಿದೆ ಎಂದೇ ನಮಗೆ ಗೊತ್ತಿರಲಿಲ್ಲ.

"ನಿಮ್ಮ ಹತ್ರ ಸ್ವಲ್ಪ ಮಾತಾಡಬೇಕಿತ್ತು," ಎಂದರು. "ನಾವಿಬ್ಬರೇ."

ಇಬ್ಬರೂ ಅತ್ತೆಯ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ಹಾಲಿನಲ್ಲಿ ಡಾಕ್ಟರು ಓರಗಿತ್ತಿಯ ಮುಖ ನೋಡಿದ, ಓರಗಿತ್ತಿ ಅವನ ಮುಖ ನೋಡಿದಳು, ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. "ನನ್ನ ಯಾಕೆ ನೋಡ್ತೀರಾ?" ಎಂದೆ. ನನ್ನ ದನಿ ಸ್ವಲ್ಪ ಕೀರಲಾಗಿತ್ತು.

ಬಾಗಿಲು ತೆರೆದು ಬಂದ ಅಮ್ಮ ನನ್ನೆದುರು ನಿಂತಳು. ಮುಖದ ಮೇಲೆ ಆ ನಗು. ಸೂಪರಿಂಟೆಂಡೆಂಟರಿಗೆಂದು ಇಟ್ಟುಕೊಂಡದ್ದು. ಹೆತ್ತ ಮಗಳಿಗೆ!

ಅಂಗಳಕ್ಕೆ ಕರೆದುಕೊಂಡು ಹೋದಳು. "ನಿಮ್ಮತ್ತೆ ನಿನಗೆ ಹೇಳೋಕೆ ಒಪ್ಪಿದ್ದಾರೆ. ಬಂದಾಗಿಂದ ನೀನು ಅವರ ಜೊತೆ ಒಂದು ಸಲಾನೂ ಜಗಳ ಆಡಿಲ್ವಂತೆ."

"ಅದು ದೂರಾ?"

"ಎಲ್ಲದಕ್ಕೂ ಥ್ಯಾಂಕ್ಸ್ ಅತ್ತೆ, ಥ್ಯಾಂಕ್ಸ್ ಅತ್ತೆ ಅಂತೀಯಂತೆ. ಹೋಟೆಲಿನವರಿಗೆ ಹೇಳೋ ಹಾಗೆ. ದೊಡ್ಡ ಸೊಸೆ ಕೆಲಸಕ್ಕೆ ಹೋದ ಮೇಲೆ ಜಗಳಕ್ಕೂ ಯಾರಿಲ್ಲ. ನನ್ನ ಮನೇಲಿ ನಾನೇ ನೆಂಟಳಾಗಿದ್ದೀನಿ ಅಂದ್ರು. ಅಳ್ತಿದ್ರು ಕಣೇ."

"ನಾನು ಏನೂ ತಪ್ಪು ಮಾಡಿಲ್ಲ ಅಮ್ಮಾ!"

"ಎಲ್ಲ ಅಧಿಕಾರಿಗಳೂ ಮೊದಲು ಹಾಗೇ ಅಂತಾರೆ," ಎಂದಳು ಅಮ್ಮ. "ಮುಂದಿನ ತಿಂಗಳು ಮತ್ತೆ ಬರ್ತೀನಿ."

ನನ್ನ ಕಿವಿ ಬಿಸಿಯಾಯಿತು. ಅವರನ್ನು ಅನುಮಾನಿಸಿದವಳು ನಾನು, ಆ ಅನುಮಾನಕ್ಕೆ ಇಸ್ತ್ರಿ ಹಾಕಿ ವಿನಯ ಎಂದು ಹೆಸರಿಟ್ಟುಕೊಂಡವಳೂ ನಾನು. ಒಳಗೆ ಹೋದೆ. ಅತ್ತೆ ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತು ಟೀ ಸೋಸುತ್ತಿದ್ದರು. ಒಂದು ಲೋಟ ನನ್ನ ಕಡೆ ಸರಿಸಿದರು. ಒಂದು ಗುಟುಕು ಕುಡಿದೆ. ಥ್ಯಾಂಕ್ಸ್ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಅತ್ತೆ, ಇದೇನು ಟೀನಾ, ಪಾನಕಾನಾ? ಇಷ್ಟು ಸಕ್ಕರೆ ಹಾಕಿದ್ರೆ ಮನುಷ್ಯರು ಕುಡಿಯೋದು ಹೇಗೆ?"

ಅತ್ತೆ ಗಕ್ಕನೆ ತಿರುಗಿದರು. ಕಣ್ಣು ಇನ್ನೂ ಒದ್ದೆ. ಸೋಸುವ ಬಟ್ಟಲನ್ನು ಕುಕ್ಕಿ ಇಟ್ಟು, ಸೊಂಟದ ಮೇಲೆ ಕೈಯಿಟ್ಟರು.

"ಮೂವತ್ತು ವರ್ಷದಿಂದ ಇದೇ ಟೀ ಮಾಡ್ತಿದ್ದೀನಿ, ಯಾರೂ ಸತ್ತಿಲ್ಲ! ನಿನಗೆ ಬೇಡ ಅಂದ್ರೆ ನಾಳೆಯಿಂದ ನೀನೇ ಎದ್ದು ಮಾಡ್ಕೋ!"

ಹಾಲಿನಲ್ಲಿ ಕೂತಿದ್ದ ಇಬ್ಬರಿಗೂ, ಅಂಗಳದಲ್ಲಿದ್ದ ಅಮ್ಮನಿಗೂ ಅದು ಸ್ಪಷ್ಟವಾಗಿ ಕೇಳಿಸಿತು. ನಾನೂ ಸುಮ್ಮನಿರಲಿಲ್ಲ, ಜಗಳ ಊಟದ ಹೊತ್ತಿನವರೆಗೂ ನಡೆಯಿತು.